ಕೈಗವಸು ತೊಟ್ಟ ಶಬ್ದ: ‘ಮಫಲ್ಡ್’ ಅಂದರೆ ಏನು, ಎಲ್ಲಿಂದ ಬಂತು?

ಪ್ರಶ್ನೆ: ನಾನು ಸಿನಿಮಾ ಮತ್ತು ವೆಬ್ ಸರಣಿಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತೇನೆ. ಕಿವಿ ಕೇಳದವರಿಗಾಗಿ ಮಾತಿನ ಜೊತೆ ಶಬ್ದಗಳನ್ನೂ ಬರೆಯಬೇಕು. ಇಂಗ್ಲಿಷ್ ಪ್ರತಿಯಲ್ಲಿ ಪದೇ ಪದೇ ‘ಮಫಲ್ಡ್’ ಅಂತ ಬರುತ್ತದೆ. ಮಫಲ್ಡ್ ಮಾತು, ಮಫಲ್ಡ್ ನಗು, ಮಫಲ್ಡ್ ಸಂಗೀತ. ನಿಘಂಟು ನೋಡಿದರೆ ಮಂದ, ಕ್ಷೀಣ, ಅಸ್ಪಷ್ಟ ಎಂದಿದೆ. ಯಾವುದೂ ಸರಿಯಾಗಿ ಕೂರುತ್ತಿಲ್ಲ. ಈಗ ಕೈಯಲ್ಲಿರುವ ದೃಶ್ಯದಲ್ಲಿ ಒಬ್ಬನನ್ನು ಕಾರಿನ ಡಿಕ್ಕಿಗೆ ಹಾಕಿ ಬೀಗ ಜಡಿದಿದ್ದಾರೆ. ಅವನು ಒಳಗಿನಿಂದ ಕೂಗುತ್ತಿದ್ದಾನೆ. ಏನು ಬರೆಯಲಿ? ಇನ್ನೊಂದು ವಿಷಯ. ಚಳಿಗೆ ನಾವು ಸುತ್ತಿಕೊಳ್ಳುವ ಮಫ್ಲರ್‌ಗೂ ಇದಕ್ಕೂ ನಂಟಿದೆಯಾ? ‘ಇಲ್ಲ, ಅದು ಶಬ್ದವನ್ನೇ ಅಣಕಿಸಿ ಹುಟ್ಟಿದ ಪದ’ ಎಂದು ಗೆಳೆಯನೊಬ್ಬ ವಾದ ಮಾಡುತ್ತಾನೆ.

ಉತ್ತರ: ಗೆಳೆಯರ ವಾದದಿಂದಲೇ ಶುರು ಮಾಡೋಣ. ಅವರ ಊಹೆ ತಪ್ಪು, ಆದರೆ ಪೆದ್ದು ಊಹೆಯೇನಲ್ಲ. ಬಾಯಿ ಮುಚ್ಚಿಕೊಂಡು ಮಾತಾಡಲು ಹೊರಟರೆ ಬರುವುದೇ ‘ಮ್’. ಗೊಣಗುವುದಕ್ಕೆ ಇಂಗ್ಲಿಷಿನಲ್ಲಿರುವ ‘ಮಂಬಲ್’, ‘ಮಟರ್’, ‘ಮರ್ಮರ್’ ಎಲ್ಲವೂ ಆ ಮುಚ್ಚಿದ ಬಾಯಿಯ ಮಕ್ಕಳೇ. ‘ಮಫಲ್’ ಕೂಡ ಅದೇ ಪಂಕ್ತಿಯಲ್ಲಿ ಕೂತ ಹಾಗೆ ಕಾಣುತ್ತದೆ. ಆದರೆ ಅದು ಹುಟ್ಟಿದ್ದು ಬಾಯಲ್ಲಲ್ಲ, ಕೈಯಲ್ಲಿ.

ಫ್ರೆಂಚಿನಲ್ಲಿ ‘ಮೂಫ್ಲ್’ ಅಂದರೆ ದಪ್ಪನೆಯ ಕೈಗವಸು. ಒಂದೊಂದು ಬೆರಳಿಗೂ ಒಂದೊಂದು ಮನೆ ಇರುವ ಗ್ಲೌಸ್ ಅಲ್ಲ. ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕೂ ಒಂದೇ ಚೀಲದೊಳಗೆ. ಫ್ರೆಂಚರು ಇವತ್ತಿಗೂ ಅದನ್ನು ಹಾಗೇ ಕರೆಯುತ್ತಾರೆ. ಆ ಪದದ ಹಿಂದೆ ಮಧ್ಯಯುಗದ ಲ್ಯಾಟಿನ್ನಿನ ‘ಮುಫುಲಾ’ ಇದೆ. 817ರ ಸುಮಾರಿಗೆ ಈಗಿನ ಜರ್ಮನಿಯ ಆಖೆನ್‌ನಲ್ಲಿ ಕ್ರೈಸ್ತ ಮಠಗಳಿಗಾಗಿ ಒಂದು ನಿಯಮಾವಳಿ ಹೊರಟಿತು. ಸನ್ಯಾಸಿಗಳಿಗೆ ಯಾವ್ಯಾವ ಬಟ್ಟೆ ಕೊಡಬೇಕು ಎನ್ನುವ ಪಟ್ಟಿಯೂ ಅದರಲ್ಲಿತ್ತು. ಬೇಸಿಗೆಗೆ ಸಾದಾ ಕೈಗವಸು, ಚಳಿಗಾಲಕ್ಕೆ ಕುರಿ ಚರ್ಮದ ಮುಫುಲಾ. ಹನ್ನೆರಡು ಶತಮಾನದ ಹಿಂದೆ ಯಾರೋ ಚಳಿಗೆ ಕೈ ಮುದುಡಿಕೊಂಡು ಬರೆದ ಈ ಸಾಲು ನನಗೆ ಬಹಳ ಇಷ್ಟ. ಅದಕ್ಕೂ ಹಿಂದಿನದಕ್ಕೆ ಒಂದು ಊಹೆ ಇದೆ: ಹಳೆಯ ಜರ್ಮನಿಕ್ ಭಾಷೆಯ ‘ಮೆತ್ತಗಿನ’ ಮತ್ತು ‘ತೊಗಲು’ ಎಂಬ ಎರಡು ಮಾತು ಕೂಡಿ ಆದ ಪದ ಇದು ಅಂತ. ಮೆತ್ತನೆ ತೊಗಲು. ಕುರಿ ಚರ್ಮದ ಗವಸಿಗೆ ಹೊಂದುವ ಹೆಸರೇ, ಅಲ್ವಾ?

ಈ ಗವಸಿನಿಂದ ಇಂಗ್ಲಿಷಿಗೆ 15ನೇ ಶತಮಾನದಲ್ಲಿ ಒಂದು ಕ್ರಿಯಾಪದ ಬಂತು. ಮಫಲ್ ಮಾಡು ಅಂದರೆ ಸುತ್ತು, ಹೊದಿಸು, ಮುಸುಕು ಹಾಕು. ಅದರಲ್ಲಿ ಶಬ್ದದ ಸುಳಿವೇ ಇರಲಿಲ್ಲ. ಚಳಿಗೆ ಕುತ್ತಿಗೆ ಸುತ್ತಿಕೊಂಡರೂ ಮಫಲ್. ಗುರುತು ಸಿಗದಂತೆ ಮುಖ ಮರೆಸಿಕೊಂಡರೂ ಮಫಲ್. ಕಣ್ಣಿಗೆ ಬಟ್ಟೆ ಕಟ್ಟಿದರೂ ಮಫಲ್. ಷೇಕ್ಸ್‌ಪಿಯರನ ಐದನೇ ಹೆನ್ರಿಯ ನಾಟಕದಲ್ಲಿ ಒಬ್ಬ ಪಾತ್ರಧಾರಿ, ಅದೃಷ್ಟದೇವತೆಯ ಚಿತ್ರ ಬರೆಯುವಾಗ ಅವಳ ಕಣ್ಣಿಗೆ ಮಫ್ಲರ್ ಕಟ್ಟಿರುತ್ತಾರೆ ಎನ್ನುತ್ತಾನೆ. ಆಗ ಮಫ್ಲರ್ ಹೆಚ್ಚಾಗಿ ಹೆಂಗಸರು ಮುಖದ ಕೆಳಭಾಗ ಮುಚ್ಚಿಕೊಳ್ಳುತ್ತಿದ್ದ ಬಟ್ಟೆ. ಅದು ಕುತ್ತಿಗೆಗೆ ಇಳಿದು ಉಣ್ಣೆಯಾಗಿ ನಮ್ಮ ಅಜ್ಜಂದಿರ ಹೆಗಲಿಗೆ ಬಂದದ್ದು ಆಮೇಲಿನ ಕತೆ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತು. ಮಫ್ಲರ್ ಮತ್ತು ಮಫಲ್ಡ್ ಒಂದೇ ಮನೆಯವು. ಅದರಲ್ಲೂ ಬಟ್ಟೆಯೇ ದೊಡ್ಡಣ್ಣ, ಶಬ್ದ ತಮ್ಮ.

ಶಬ್ದ ಈ ಮನೆಗೆ ಕಾಲಿಟ್ಟದ್ದು 18ನೇ ಶತಮಾನದ ಹೊತ್ತಿಗೆ. ಅದೂ ಬಟ್ಟೆಯ ಬಾಗಿಲಿನಿಂದಲೇ. ಸದ್ದು ಮಾಡುವ ವಸ್ತುವಿಗೆ ನಿಜವಾಗಿಯೂ ಏನಾದರೂ ಸುತ್ತಿದರೆ ಅದಕ್ಕೆ ಮಫಲ್ ಎಂದರು. ಹುಟ್ಟುಗೋಲು ದೋಣಿಯ ಅಂಚಿಗೆ ತಿಕ್ಕಿ ಕಿರ್ರೆನ್ನದಂತೆ ಅಲ್ಲಿಗೆ ಬಟ್ಟೆ ಸುತ್ತುತ್ತಿದ್ದರು. ಕತ್ತಲಲ್ಲಿ ಶತ್ರುವಿನ ಪಕ್ಕದಲ್ಲೇ ಹಾದುಹೋಗಬೇಕಾದ ನಾವಿಕರ ಉಪಾಯ ಇದು. 1775ರ ಏಪ್ರಿಲ್ 18ರ ರಾತ್ರಿ ಪಾಲ್ ರಿವೀರ್ ಎಂಬ ಬಾಸ್ಟನ್ನಿನ ಬೆಳ್ಳಿ ಕೆಲಸಗಾರ, ಬ್ರಿಟಿಷ್ ಸೈನ್ಯ ಹೊರಟಿದೆ ಎಂಬ ಸುದ್ದಿಯನ್ನು ಅವರ ವಿರುದ್ಧ ಎದ್ದಿದ್ದ ಅಮೆರಿಕದವರಿಗೆ ಮುಟ್ಟಿಸಲು ಚಾರ್ಲ್ಸ್ ನದಿ ದಾಟಿದ. ಅಲ್ಲೇ ‘ಸಾಮರ್ಸೆಟ್’ ಎಂಬ ಬ್ರಿಟಿಷ್ ಯುದ್ಧನೌಕೆ ಲಂಗರು ಹಾಕಿ ನಿಂತಿತ್ತು. ದೋಣಿ ನಡೆಸಿದ ಗೆಳೆಯರಿಗೆ ಹುಟ್ಟಿಗೆ ಸುತ್ತಲು ಬಟ್ಟೆ ಇರಲಿಲ್ಲವಂತೆ. ಆಗ ಹುಡುಗಿಯೊಬ್ಬಳು ಕಿಟಕಿಯಿಂದ ತನ್ನ ಒಳಲಂಗವನ್ನೇ ಎಸೆದಳಂತೆ. ಇದು ರಿವೀರ್ ಮನೆತನದಲ್ಲಿ ಹೇಳಿಕೊಂಡು ಬಂದ ಕತೆ. ನದಿ, ನೌಕೆ, ತಾರೀಕು ಇತಿಹಾಸ. ಲಂಗದ ಮಟ್ಟಿಗೆ ‘ಅಂತೆ’ ಬಿಡುವುದು ಬೇಡ.

ಸೇನೆಯವರ ಶವಯಾತ್ರೆಯಲ್ಲಿ ಡ್ರಮ್ಮಿಗೆ ಕಪ್ಪು ಬಟ್ಟೆ ಹೊದಿಸಿ ಬಾರಿಸುವ ಪದ್ಧತಿಯೂ ಹೀಗೇ. ಇನ್ನೂ ಚೆಂದದ ಉದಾಹರಣೆ ಇಂಗ್ಲೆಂಡಿನ ಚರ್ಚ್ ಗಂಟೆಗಳದ್ದು. ಅಲ್ಲಿ ಗಂಟೆಯ ನಾಲಿಗೆಗೆ ತೊಗಲಿನ ಗವಸು ಕಟ್ಟುತ್ತಾರೆ. ನಾಲಿಗೆಯ ಒಂದೇ ಬದಿಗೆ ಕಟ್ಟಿದರೆ ಅರ್ಧ ಮಫಲ್. ಒಂದು ಹೊಡೆತ ಢಣ್ ಎಂದು ತುಂಬಿ ಬರುತ್ತದೆ. ಮುಂದಿನದು ಅದೇ ಗಂಟೆ ಎಲ್ಲೋ ದೂರದ ಊರಿನಲ್ಲಿ ಬಾರಿಸಿದ ಹಾಗೆ ಕೇಳುತ್ತದೆ. ಮತ್ತೆ ಢಣ್, ಮತ್ತೆ ಅದರ ನೆರಳು. ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ ಹೀಗೆ ಬಾರಿಸುತ್ತಾರೆ. ಎರಡೂ ಬದಿಗೆ ಕಟ್ಟುವುದು ತೀರಾ ಅಪರೂಪ, ರಾಜ ರಾಣಿಯರು ತೀರಿಕೊಂಡಂಥ ಸಂದರ್ಭಕ್ಕೆ ಮಾತ್ರ. 2022ರ ಸೆಪ್ಟೆಂಬರ್ 19ರಂದು ಎರಡನೇ ಎಲಿಜಬೆತ್ ರಾಣಿಯ ಅಂತ್ಯಕ್ರಿಯೆಯ ದಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಗಂಟೆಗಳು ಹಾಗೆ ಪೂರ್ತಿ ಮುಸುಕಿನಲ್ಲಿ ಬಾರಿಸಿದವು. ಹುಡುಕಿ ಕೇಳಿ. ‘ಮಫಲ್ಡ್’ ಪದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ಯಾವ ನಿಘಂಟಿನಲ್ಲೂ ಇಲ್ಲ.

ಈಗ ಅರ್ಥಕ್ಕೆ ಬರೋಣ. ನಿಮ್ಮ ನಿಘಂಟು ಎಡವಿದ್ದು ಇಲ್ಲೇ. ಮಂದ, ಕ್ಷೀಣ ಎಂಬ ಮಾತುಗಳು ಸದ್ದು ಎಷ್ಟಿದೆ ಎಂದು ಹೇಳುತ್ತವೆ. ಮಫಲ್ಡ್ ಹೇಳುವುದು ಸದ್ದಿಗೆ ಏನಾಗಿದೆ ಎಂಬುದನ್ನು. ಏನೋ ಅಡ್ಡ ಬಂದಿದೆ, ಏನೋ ಹೊದಿಸಿದ್ದಾರೆ. ಪಿಸುಮಾತು ಸಣ್ಣದು, ಆದರೆ ಮಫಲ್ಡ್ ಅಲ್ಲ. ಕಿವಿಯ ಹತ್ತಿರ ಪಿಸುಗುಟ್ಟಿದರೆ ಒಂದೊಂದು ಅಕ್ಷರವೂ ಕೇಳುತ್ತದೆ. ಪಕ್ಕದ ಬೀದಿಯ ಕಲ್ಯಾಣ ಮಂಟಪದ ಡಿಜೆ ದೊಡ್ಡದು, ಕಿಟಕಿ ಗಾಜು ಅದುರುವಷ್ಟು ದೊಡ್ಡದು. ಆದರೂ ಅದು ಮಫಲ್ಡ್. ದುಬ್ ದುಬ್ ಅನ್ನುವುದೊಂದು ಬಿಟ್ಟು ಯಾವ ಹಾಡು ಅಂತ ಗೊತ್ತಾಗುವುದಿಲ್ಲ.

ಹಾಗೇಕೆ? ಹೊದಿಕೆ ಎಲ್ಲ ಸದ್ದನ್ನೂ ಸಮನಾಗಿ ತಡೆಯುವುದಿಲ್ಲ. ತಾರಕದ ಸದ್ದನ್ನು ನುಂಗುತ್ತದೆ, ಮಂದ್ರವನ್ನು ಬಿಟ್ಟುಬಿಡುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಸಲ ಅದುರುವ, ಡ್ರಮ್ ಸದ್ದಿನ ಒಂದು ಅಲೆ 3.4 ಮೀಟರ್ ಉದ್ದ, ಅಂದರೆ ಒಂದು ಸಣ್ಣ ಕೋಣೆಯಷ್ಟು. 5000 ಹರ್ಟ್ಸ್‌ನ ತಾಳದ ಸದ್ದಿನ ಅಲೆ ಬರೀ 7 ಸೆಂಟಿಮೀಟರ್. ಕೋಣೆಯಷ್ಟು ಉದ್ದದ ಅಲೆಗೆ ಒಂದು ಕಂಬಳಿ ಯಾವ ಲೆಕ್ಕ? ಅಂಗೈಗಿಂತ ಗಿಡ್ಡ ಅಲೆ ಮಾತ್ರ ಕಂಬಳಿಯ ಎಳೆಗಳ ನಡುವೆ ಸಿಕ್ಕಿ, ತಿಕ್ಕಾಡಿ, ಬಿಸಿಯಾಗಿ ಕರಗಿಹೋಗುತ್ತದೆ. ಗೋಡೆಯ ಲೆಕ್ಕ ಬೇರೆ, ಫಲ ಒಂದೇ. ಭಾರದ ಗೋಡೆಯನ್ನು ನಿಧಾನವಾಗಿ ತೂಗುವುದು ಸುಲಭ, ಸೆಕೆಂಡಿಗೆ ಸಾವಿರಾರು ಸಲ ಅಲ್ಲಾಡಿಸುವುದು ಕಷ್ಟ. ಆದ್ದರಿಂದ ಗೋಡೆಯಾಚೆಯಿಂದ ದಾಟಿ ಬರುವುದು ದುಬ್ ದುಬ್ ಒಂದೇ.

ಮಾತಿನ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯ. ನಮ್ಮ ವರ್ಣಮಾಲೆ ಸ್ವರ, ವ್ಯಂಜನ ಎಂದು ಬೇರೆ ಬೇರೆ ಇಟ್ಟಿರುವುದನ್ನು ಕಂಬಳಿಯೂ ಬೇರೆ ಬೇರೆ ಮಾಡುತ್ತದೆ. ಸ್ವರಗಳ ಬಲ ಹೆಚ್ಚಾಗಿ 1000 ಹರ್ಟ್ಸ್‌ಗಿಂತ ಕೆಳಗೆ. ಸ, ಶ, ಫ ತರಹದ ವ್ಯಂಜನಗಳ ಗುರುತೆಲ್ಲ ಅದಕ್ಕಿಂತ ಬಹಳ ಮೇಲೆ. ‘ಸ’ ಅಂತೂ 4000 ಹರ್ಟ್ಸ್ ದಾಟಿ ಕೂತಿರುತ್ತದೆ. ಹೊದಿಕೆ ಬಿದ್ದರೆ ಸ್ವರ ಉಳಿಯುತ್ತದೆ, ವ್ಯಂಜನ ಉದುರುತ್ತದೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಗಂಡಸೋ ಹೆಂಗಸೋ, ಸಿಟ್ಟೋ ಅಳುವೋ, ಅದೂ ಗೊತ್ತಾಗುತ್ತದೆ. ಏನು ಹೇಳುತ್ತಿದ್ದಾರೆ ಅನ್ನುವುದೊಂದು ಮಾತ್ರ ಗೊತ್ತಾಗುವುದಿಲ್ಲ. ಸಿನಿಮಾದವರಿಗೆ ಮಫಲ್ಡ್ ಮಾತು ಅಂದರೆ ಯಾಕೆ ಅಷ್ಟು ಪ್ರೀತಿ ಅಂತ ಈಗ ತಿಳಿಯಿತಲ್ಲ. ಭಾವನೆ ದಾಟುತ್ತದೆ, ಗುಟ್ಟು ದಾಟುವುದಿಲ್ಲ.

ಇದನ್ನು ನಾವೆಲ್ಲ 2020ರಲ್ಲಿ ಮೂಗಿನ ಮೇಲೆಯೇ ಅನುಭವಿಸಿದೆವು. ಮಾಸ್ಕ್ ಹಾಕಿಕೊಂಡು ಗಾಜಿನ ಹಿಂದೆ ಕೂತವರು ‘ಕಾಸು’ ಅಂದರೋ ‘ಕಾಫಿ’ ಅಂದರೋ? ಎರಡರಲ್ಲೂ ‘ಕಾ’ ಸರಿಯಾಗಿ ಕೇಳುತ್ತಿತ್ತು. ತೊಂದರೆ ಇದ್ದದ್ದು ಅದರ ಮುಂದಿನ ಅಕ್ಷರದಲ್ಲಿ. ತುಟಿ ನೋಡಿ ಊಹಿಸೋಣ ಎಂದರೆ ತುಟಿಯೂ ಮುಸುಕಿನೊಳಗೆ. ಎರಡು ಮೂರು ಸಲ ‘ಆಂ?’ ಅಂದು, ಕೊನೆಗೆ ಸುಮ್ನೆ ತಲೆಯಾಡಿಸಿ ಬಂದದ್ದು ನನಗೆ ನೆನಪಿದೆ.

ಆ ಮಾಸ್ಕಿಗೆ ನಮ್ಮ ಪತ್ರಿಕೆಗಳು ‘ಮುಖಗವಸು’ ಎಂದು ಬರೆದವು. ಗವಸು ಅಂದರೆ ಹೊದಿಕೆ. ತಂಬೂರಿಗೆ ಹಾಕುವುದು ಗವಸಣಿಗೆ, ಕೈಗೆ ಹಾಕುವುದು ಕೈಗವಸು, ಮುಖಕ್ಕೆ ಮುಖಗವಸು. ಅಂದರೆ ಇಂಗ್ಲಿಷಿನವರು ಕೈಗವಸಿನಿಂದ ಮುಖದ ಮುಸುಕಿಗೆ, ಅಲ್ಲಿಂದ ಸದ್ದಿಗೆ ನಡೆದ ದಾರಿಯಲ್ಲಿ ಮೊದಲ ಎರಡು ಹೆಜ್ಜೆಯನ್ನು ಕನ್ನಡವೂ ತನ್ನ ಪಾಡಿಗೆ ತಾನು ಇಟ್ಟಿದೆ. ಮೂರನೆಯದು ಇನ್ನೂ ಬಾಕಿ.

ಡಾಕ್ಟರುಗಳಿಗೆ ಈ ಪದದ ಮೇಲೆ ನಮಗಿಂತ ಹೆಚ್ಚು ಹಿಡಿತವಿದೆ. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವಾಗ ಸ್ಟೆತಸ್ಕೋಪಿನಲ್ಲಿ ಕೇಳುವ ಸದ್ದನ್ನು 1905ರಲ್ಲಿ ಮೊದಲು ವಿವರಿಸಿದವರು ರಷ್ಯಾದ ನಿಕೊಲಾಯ್ ಕೊರೊಟ್ಕಾಫ್. ಅದನ್ನು ಈಗ ಐದು ಹಂತ ಮಾಡಿ ಕಲಿಸುತ್ತಾರೆ. ಟಕ್ ಟಕ್ ಎಂದು ಚುರುಕಾಗಿ ಶುರುವಾದದ್ದು ನಾಲ್ಕನೇ ಹಂತದಲ್ಲಿ ಇದ್ದಕ್ಕಿದ್ದಂತೆ ಮಫಲ್ ಆಗುತ್ತದೆ. ಐದನೆಯದರಲ್ಲಿ ನಿಂತುಹೋಗುತ್ತದೆ. ಬಿಪಿಯ ಕೆಳಗಿನ ಅಂಕಿಯನ್ನು ಮಫಲ್ ಆದಲ್ಲಿ ತೆಗೆದುಕೊಳ್ಳಬೇಕೋ, ನಿಂತಲ್ಲಿ ತೆಗೆದುಕೊಳ್ಳಬೇಕೋ ಎಂದು ವೈದ್ಯರು ಬಹಳ ಕಾಲ ವಾದ ಮಾಡಿದ್ದಾರೆ. ಮುಸುಕುವುದು ಬೇರೆ, ನಿಲ್ಲುವುದು ಬೇರೆ ಎಂಬುದು ಅವರಿಗೆ ಲೆಕ್ಕದ ಮಾತು. ಹೃದಯದ ಸುತ್ತಲಿನ ಚೀಲದಲ್ಲಿ ನೀರೋ ರಕ್ತವೋ ತುಂಬಿ ಹೃದಯವನ್ನು ಅದುಮಿದಾಗ ಎದೆಬಡಿತ ಮಫಲ್ಡ್ ಆಗಿ ಕೇಳುತ್ತದೆ. ಬಿಪಿ ಇಳಿಯುವುದು, ಕುತ್ತಿಗೆಯ ನರ ಉಬ್ಬುವುದು, ಈ ಮುಸುಕಿದ ಬಡಿತ, ಈ ಮೂರೂ ಸೇರಿದರೆ ಅದೇ ಆ ತೊಂದರೆಯ ಗುರುತು ಎಂದು ಅಮೆರಿಕದ ಸರ್ಜನ್ ಕ್ಲಾಡ್ ಬೆಕ್ 1935ರಲ್ಲಿ ಹೇಳಿದರು. ಗಂಟಲ ಪಕ್ಕದಲ್ಲಿ ಕೀವು ಕಟ್ಟಿದವರ ದನಿಯೂ ಮಫಲ್ಡ್, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡಿದ ಹಾಗೆ. ಅದು ಗೊಗ್ಗರು ದನಿಯಲ್ಲ. ಗೊಗ್ಗರಿನಲ್ಲಿ ದನಿ ಹೊರಡಿಸುವ ಗಂಟಲ ತಂತಿಯೇ ಕೆಟ್ಟಿರುತ್ತದೆ. ಇಲ್ಲಿ ತಂತಿ ಸರಿಯಿದೆ, ದಾರಿಯಲ್ಲಿ ಅಡ್ಡಿ.

‘ಮ್ಯೂಟ್’ ಜೊತೆಗೂ ಇದನ್ನು ಕಲಸಬೇಡಿ. ಅದು ಲ್ಯಾಟಿನ್ನಿನ ಮೂಕ ಎಂಬ ಪದದಿಂದ ಬಂದದ್ದು. ಮೀಟಿಂಗಿನಲ್ಲಿ ನಿಮ್ಮನ್ನು ಮ್ಯೂಟ್ ಮಾಡಿದರೆ ಏನೂ ಕೇಳುವುದಿಲ್ಲ, ಮೈಕಿನ ಮೇಲೆ ಕೈ ಇಟ್ಟರೆ ಮಫಲ್.

ಗಾಡಿಯ ಹೊಗೆ ಕೊಳವೆಗೆ ಅಮೆರಿಕದವರು ಮಫ್ಲರ್ ಎನ್ನುತ್ತಾರೆ, ಬ್ರಿಟಿಷರು ಸೈಲೆನ್ಸರ್ ಎನ್ನುತ್ತಾರೆ. ನಾವು ಬ್ರಿಟಿಷರ ಗಿರಾಕಿಗಳು. ನಮ್ಮಲ್ಲಿ ಹೆಗಲ ಮೇಲಿದ್ದರೆ ಮಫ್ಲರ್, ಬೈಕಿಗಿದ್ದರೆ ಸೈಲೆನ್ಸರ್. ನನ್ನನ್ನು ಕೇಳಿದರೆ ಅಮೆರಿಕದವರದ್ದೇ ಪ್ರಾಮಾಣಿಕ ಹೆಸರು. ಸೈಲೆನ್ಸರ್ ಅನ್ನುವುದು ಬರೀ ಬಡಾಯಿ, ಅದು ಯಾವ ಬೈಕನ್ನೂ ಮೌನ ಮಾಡಿದ್ದಿಲ್ಲ. ಒಳಗೆ ತೂತುಕೊಳವೆ, ಸಣ್ಣ ಸಣ್ಣ ಕೋಣೆ, ಕೆಲವದರಲ್ಲಿ ಗಾಜಿನ ಉಣ್ಣೆ. ಸದ್ದಿನ ಅಲೆ ಕೋಣೆಗಳಲ್ಲಿ ಪುಟಿದು ಒಂದನ್ನೊಂದು ಕೊಲ್ಲುತ್ತದೆ, ಉಳಿದದ್ದನ್ನು ಉಣ್ಣೆ ಹೀರುತ್ತದೆ. ಅಲ್ಲೂ ಉಣ್ಣೆಯೇ ನೋಡಿ! ಹುಡುಗರು ಅದನ್ನು ಕಿತ್ತು ಬೇರೆ ಕೊಳವೆ ಹಾಕಿಸುತ್ತಾರೆ, ಪೊಲೀಸರು ಆ ಕೊಳವೆಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುತ್ತಾರೆ.

ಇದೇ ಮನೆಯ ಇನ್ನೊಬ್ಬ ಸದಸ್ಯನಿಗೆ ಸದ್ದಿನ ಗೊಡವೆಯೇ ಇಲ್ಲ. ಕೆಮಿಸ್ಟ್ರಿ ಓದಿದವರು ಲ್ಯಾಬಿನಲ್ಲಿ ಮಫಲ್ ಫರ್ನೇಸ್ ನೋಡಿರುತ್ತಾರೆ. ಸುಡಬೇಕಾದ ವಸ್ತುವಿಗೆ ಬೆಂಕಿ, ಹೊಗೆ ನೇರವಾಗಿ ತಾಗದಂತೆ ಅದನ್ನು ಒಂದು ಗೂಡಿನೊಳಗೆ ಇಟ್ಟು ಹೊರಗಿನಿಂದ ಕಾಯಿಸುವ ಒಲೆ ಅದು. ವಸ್ತುವಿಗೆ ಗವಸು ಹಾಕಿದ ಹಾಗೆ, ಅದಕ್ಕೇ ಆ ಹೆಸರು. ಚಳಿದೇಶದ ಹೆಂಗಸರು ಎರಡೂ ಕೈ ತೂರಿಸಿಕೊಳ್ಳುತ್ತಿದ್ದ ತುಪ್ಪಳದ ತೋಳಚೀಲಕ್ಕೆ ‘ಮಫ್’ ಅನ್ನುತ್ತಿದ್ದರು. ಅದನ್ನು ಕಿವಿಗೆ ಏರಿಸಿದವನು ಅಮೆರಿಕದ ಮೇನ್ ರಾಜ್ಯದ ಚೆಸ್ಟರ್ ಗ್ರೀನ್‌ವುಡ್. ಹದಿನೈದರ ಹುಡುಗ, ಐಸ್ ಮೇಲೆ ಸ್ಕೇಟಿಂಗ್ ಮಾಡುವಾಗ ಕಿವಿ ಮರಗಟ್ಟುತ್ತಿತ್ತು. ತಂತಿ ಬಗ್ಗಿಸಿ, ಎರಡು ತುದಿಗೆ ತುಪ್ಪಳ ಹೊಲಿಸಿಕೊಂಡ. 1877ರಲ್ಲಿ ಪೇಟೆಂಟ್ ಸಿಕ್ಕಿತು. ಅವನಿಗೆ ಬೇಕಾಗಿದ್ದದ್ದು ಬೆಚ್ಚಗಿನ ಕಿವಿ. ಇವತ್ತು ಕಾರ್ಖಾನೆಯ ಗದ್ದಲ ತಡೆಯಲು ಕೆಲಸಗಾರರು ಹಾಕಿಕೊಳ್ಳುವುದಕ್ಕೂ ಇಯರ್‌ಮಫ್ ಎಂದೇ ಹೆಸರು. ಚಳಿಯಿಂದ ಸದ್ದಿಗೆ, ಮತ್ತೆ ಅದೇ ಪಯಣ.

ಇನ್ನು ನಿಮ್ಮ ಕಸುಬಿನ ಮಾತು. ನಮ್ಮಲ್ಲಿ ‘ಮುಸುಕು’ ಇದೆ. ಅದಕ್ಕಿಂತ ಹತ್ತಿರದ ಪದ ನನಗೆ ಕಾಣುವುದಿಲ್ಲ. ಸಿಪ್ಪೆ ಹೊದ್ದ ಜೋಳಕ್ಕೆ ಮುಸುಕಿನ ಜೋಳ ಎಂದವರು ನಾವು. ಮೇಲೆ ನಗುತ್ತ ಒಳಗೆ ಹೊಡೆದಾಡಿದರೆ ಮುಸುಕಿನ ಗುದ್ದಾಟ. ಮಂಜು ಮುಸುಕುತ್ತದೆ, ಮಬ್ಬು ಮುಸುಕುತ್ತದೆ. ದನಿಯೂ ಮುಸುಕಲಿ, ತಪ್ಪೇನು? ‘ಮುಸುಕಿದ ದನಿ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಎರಡು ಪದವೂ ‘ಮು’ ತರಹದ ಸದ್ದಿನಿಂದ ಶುರುವಾಗುವುದು ಕಾಕತಾಳೀಯ. ನಂಟು ಹುಡುಕಲು ಹೋಗಬೇಡಿ, ನಿಮ್ಮ ಗೆಳೆಯರಿಗಂತೂ ಹೇಳಲೇಬೇಡಿ.

ಆದರೆ ಪ್ರತಿ ಸಲ ಅದನ್ನೇ ಹಾಕಿದರೆ ಸಬ್‌ಟೈಟಲ್ ಸಪ್ಪೆಯಾಗುತ್ತದೆ. ಕನ್ನಡದ ಸಹಜ ಜಾಡು ಬೇರೆ. ನಾವು ಸದ್ದಿನ ಗುಣ ಹೇಳುವುದಕ್ಕಿಂತ ಅಡ್ಡ ಬಂದದ್ದು ಏನು ಅಂತ ಹೇಳಿಬಿಡುತ್ತೇವೆ. ಇಂಗ್ಲಿಷಿನವರು ‘ಮಫಲ್ಡ್ ಸಾಬ್ಸ್’ ಅಂದಲ್ಲಿ ನಮ್ಮ ಕತೆಗಾರರು ‘ಸೆರಗು ಬಾಯಿಗೊತ್ತಿಕೊಂಡು ಅತ್ತಳು’ ಎನ್ನುತ್ತಾರೆ. ಸದ್ದಿನ ಮಾತೇ ಎತ್ತಿಲ್ಲ, ಆದರೂ ಆ ಅಳು ಹೇಗೆ ಕೇಳಿತು ಅಂತ ನಮಗೆ ಗೊತ್ತು. ಮಫಲ್ಡ್ ನಗು ಅಂದರೆ ತಡೆದುಕೊಂಡ ನಗು. ಪಕ್ಕದ ಕೋಣೆಯ ಜಗಳ ಅಂದರೆ ‘ಗೋಡೆಯಾಚೆ ಜಗಳದ ದನಿ’. ಬಾಯಿಗೆ ಬಟ್ಟೆ ತುರುಕಿದ್ದರೆ ಅದನ್ನೇ ಬರೆಯಿರಿ. ನೀರಿನೊಳಗಿನಿಂದ ಕೇಳಿದರೆ ನೀರನ್ನು ಬರೆಯಿರಿ.

ವಸ್ತುಗಳ ಸದ್ದಾದರೆ ಇನ್ನೂ ಸುಲಭ. ಅನುಕರಣೆಯ ಮಾತುಗಳಲ್ಲೇ ನಮ್ಮವರು ಈ ಭೇದ ಮಾಡಿಟ್ಟಿದ್ದಾರೆ. ತಾಮ್ರದ ಬಿಂದಿಗೆ ಕಲ್ಲಿನ ಮೇಲೆ ಬಿದ್ದರೆ ಢಣ್. ತೆಂಗಿನಕಾಯಿ ಒದ್ದೆ ಮಣ್ಣಿನ ಮೇಲೆ ಬಿದ್ದರೆ ದೊಪ್. ಢಣ್, ಠಣ್, ಖಣ್ ಎಲ್ಲ ‘ಣ್’ ಎಂದು ಗುಂಯ್‌ಗುಡುತ್ತ ಉಳಿಯುತ್ತವೆ. ದೊಪ್, ದಬ್, ದುಬ್ ಎನ್ನುವಾಗ ತುಟಿ ಮುಚ್ಚಿಕೊಳ್ಳುತ್ತದೆ, ಸದ್ದು ಅಲ್ಲಿಗೇ ಸಾಯುತ್ತದೆ. ‘ಮಫಲ್ಡ್ ಥಡ್’ ಎಂದು ಬಂದಲ್ಲಿ ವಿಶೇಷಣ ಹುಡುಕುತ್ತ ಕೂರಬೇಡಿ. ‘ದೊಪ್’ ಸಾಕು.

ನಿಮ್ಮ ಡಿಕ್ಕಿಯವನಿಗೆ ನಾನಾದರೆ ‘ಡಿಕ್ಕಿಯೊಳಗಿಂದ ಕೂಗು’ ಎಂದು ಬರೆಯುತ್ತೇನೆ. ಹತ್ತಿರ ನಿಂತವರಿಗೆ ಮಾತು ತಿಳಿಯುತ್ತಿಲ್ಲ ಎಂಬುದೇ ಆ ದೃಶ್ಯದ ಜೀವಾಳವಾಗಿದ್ದರೆ ‘ಡಿಕ್ಕಿಯೊಳಗಿಂದ ಮುಸುಕಿದ ಕೂಗು’. ಅವನು ಒದೆಯುತ್ತಲೂ ಇದ್ದರೆ ಪಕ್ಕದಲ್ಲಿ ಎರಡು ಸಲ ‘ದಬ್ ದಬ್’. ಯಾರಾದರೂ ಡಿಕ್ಕಿ ತೆಗೆದ ಕೂಡಲೇ ‘ಮುಸುಕಿದ’ ಎಂಬುದನ್ನು ಕಿತ್ತುಹಾಕಿ, ಅವನ ಮಾತನ್ನೇ ಬರೆಯಿರಿ.